ಮಗಳಿಗೆ ಬೆಕ್ಕಿನ ಕಣ್ಣು ಎಲ್ಲಿಂದ ಬಂತು?

ಪ್ರಶ್ನೆ:
ನಮ್ಮದು ಮದ್ದೂರು ಹತ್ತಿರದ ಹಳ್ಳಿ. ನನಗೂ ನಮ್ಮ ಯಜಮಾನರಿಗೂ ಕಡುಕಂದು ಕಣ್ಣು. ಮೂರು ವರ್ಷದ ಮಗಳು ಬಿಸಿಲಿಗೆ ಬಂದರೆ ಕಣ್ಣು ಜೇನುತುಪ್ಪದ ಬಣ್ಣ, ಅಂಚಲ್ಲಿ ತೆಳ್ಳಗೆ ಹಸಿರು. ಮೊನ್ನೆ ಆಲೆಮನೆ ಹತ್ತಿರ ಒಬ್ಬರು "ಇದು ಯಾರ ಥರಾನೋ" ಅಂತ ನಕ್ಕರು. ಆ ಮಾತು ಇನ್ನೂ ಚುಚ್ಚುತ್ತಿದೆ. ಹೀಗಾಗೋದು ಸಹಜ ಅಲ್ವಾ?

ಉತ್ತರ 1:
ಖಂಡಿತ ಸಹಜ ತಾಯಿ. ನಾನು ಮೈಸೂರಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಕಣ್ಣಲ್ಲಿ ಮೆಲನಿನ್ ಅನ್ನೋ ಬಣ್ಣದ ವಸ್ತು ಜಾಸ್ತಿ ಇದ್ದರೆ ಕಂದು, ಕಡಿಮೆಯಾದರೆ ಜೇನು, ಹಸಿರು. ನೀಲಿ ಕಣ್ಣಲ್ಲಂತೂ ನೀಲಿ ಬಣ್ಣವೇ ಇರುವುದಿಲ್ಲ, ಬೆಳಕು ಚದುರಿ ಹಾಗೆ ಕಾಣುತ್ತದೆ. ಹೆತ್ತವರ ಗುಣಗಳನ್ನು ಮಕ್ಕಳಿಗೆ ದಾಟಿಸುವ ಸೂಚನೆಗಳೇ ಜೀನ್‌ಗಳು, ಅವನ್ನು ಹೊತ್ತ ಎಳೆಗಳೇ ಕ್ರೋಮೋಸೋಮುಗಳು. 15ನೇ ಕ್ರೋಮೋಸೋಮಿನಲ್ಲಿ ಓಸಿಎ2, ಹರ್ಕ್2 ಅನ್ನೋ ಜೀನ್‌ಗಳು ಅಕ್ಕಪಕ್ಕದಲ್ಲಿವೆ. ಮೊದಲನೆಯದು ಮೆಲನಿನ್ ತಯಾರಿಗೆ ಬೇಕು. ಅದನ್ನು ಏರಿಸಿ ಇಳಿಸುವ ಸ್ವಿಚ್ಚು ಎರಡನೆಯದರೊಳಗಿದೆ. ಪ್ರತಿ ಜೀನೂ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ನಿಮ್ಮಿಬ್ಬರಲ್ಲೂ ತಿಳಿಬಣ್ಣದ್ದು ಒಂದೊಂದು ಅಡಗಿದ್ದು, ಎರಡೂ ಮಗುವಿಗೆ ಸೇರಿರಬಹುದು. ಇನ್ನೂ ಹತ್ತಾರು ಜೀನ್‌ಗಳ ಕೈವಾಡವೂ ಇದೆ. ಹಾಗಾಗಿ ಕಣ್ಣು ನೋಡಿ ಅಪ್ಪ ಯಾರು ಅಂತ ಹೇಳೋಕಾಗಲ್ಲ. ಹಾಗೆ ಹೇಳುವವರು ತಪ್ಪು.

ಉತ್ತರ 2:
ಅಕ್ಕಾ, ಎರಡೂ ಕಡೆ ಹಿರಿಯರನ್ನು ಒಮ್ಮೆ ಕೇಳಿ. ನಮ್ಮ ಮನೇಲಿ ಎರಡು ತಲೆಮಾರು ಬಿಟ್ಟು ಬಂತು.

ಪ್ರಶ್ನೆ ಕೇಳಿದವರು:
ಕೇಳಿದೆ. ಅತ್ತೆಯ ತಾಯಿಗೆ ಇದೇ ಕಣ್ಣಂತೆ. ಹಳೇ ಫೋಟೋ ಇದೆ, ಕಪ್ಪುಬಿಳುಪು. ಆದರೂ ಎಲ್ಲರ ನಡುವೆ ಅವರ ಕಣ್ಣು ಮಾತ್ರ ತೆಳುವಾಗಿ ಕಾಣುತ್ತಿದೆ. ಮೇಷ್ಟ್ರೇ, ತುಂಬಾ ಉಪಕಾರವಾಯಿತು.