ಹಳೆ ಪಿಕಪ್‌ನ ಡೀಸೆಲ್ ಟ್ಯಾಂಕ್ ಎಲ್ಲಿ ಸೋರುತ್ತಿದೆ?

ಪ್ರಶ್ನೆ: ನಮಸ್ಕಾರ ಅಣ್ಣಾ. ನಮ್ಮದು 2008ರ ಡೀಸೆಲ್ ಪಿಕಪ್. ಕೋಲಾರದ ಮಂಡಿಗೆ ಟೊಮೆಟೊ ಹೊಡೆಯುತ್ತೇವೆ. ಫುಲ್ ಟ್ಯಾಂಕ್ ಮಾಡಿಸಿದರೆ ಗಾಡಿ ನಿಲ್ಲಿಸಿದ ಕಡೆಯೆಲ್ಲ ನೆಲದ ಮೇಲೆ ಡೀಸೆಲ್. ಅರ್ಧ ಟ್ಯಾಂಕಿಗೆ ಬಂದ ಮೇಲೆ ಒಂದು ತೊಟ್ಟೂ ಇಲ್ಲ. ಗ್ಯಾರೇಜಿನವರು ತಳ ತೂತಾಗಿದೆ, ಟ್ಯಾಂಕೇ ಬದಲಾಯಿಸಿ ಅನ್ನುತ್ತಾರೆ. ಬದಲಾಯಿಸಲೇಬೇಕಾ?

ಮೆಕ್ಯಾನಿಕ್: ಸ್ವಲ್ಪ ತಡೆಯಿರಿ. ತಳ ತೂತಾಗಿದ್ದರೆ ಅರ್ಧಕ್ಕಿಳಿದ ಮೇಲೂ ಸೋರಬೇಕಿತ್ತಲ್ವಾ? ತುಂಬಿದಾಗ ಮಾತ್ರ ಸೋರುತ್ತದೆ ಅಂದರೆ ತೊಂದರೆ ಮೇಲ್ಭಾಗದಲ್ಲಿದೆ. ನನ್ನ ಮೊದಲ ಅನುಮಾನ ಡೀಸೆಲ್ ಹಾಕುವ ಬಾಯಿಯಿಂದ ಟ್ಯಾಂಕಿಗೆ ಇಳಿಯುವ ದಪ್ಪ ರಬ್ಬರ್ ಪೈಪ್ ಮೇಲೆ. ಹಳೆಯದಾದರೆ ಬಾಗಿರುವ ಕಡೆ, ಕ್ಲ್ಯಾಂಪ್ ಅಡಿಯಲ್ಲಿ ಸಣ್ಣ ಬಿರುಕು ಬಿಡುತ್ತದೆ. ಮೇಲಿಂದ ನೋಡಿದರೆ ಚೆನ್ನಾಗೇ ಕಾಣುತ್ತದೆ, ಬೆರಳಲ್ಲಿ ಬಗ್ಗಿಸಿದರೆ ಗೊತ್ತಾಗುತ್ತದೆ. ಪಕ್ಕದಲ್ಲಿರುವ ಗಾಳಿ ಪೈಪನ್ನೂ ನೋಡಿ. ಆಮೇಲೆ ಟ್ಯಾಂಕಿನ ನೆತ್ತಿ ಮೇಲೆ ಗೇಜಿನ ಫ್ಲೋಟ್ ಕೂರಿಸಿರುವ ಜಾಗದ ವಾಷರ್.

ತೊಟ್ಟಿಕ್ಕುವ ಜಾಗವನ್ನು ನಂಬಬೇಡಿ. ಮೇಲೆ ಸೋರಿದ ಡೀಸೆಲ್ ಟ್ಯಾಂಕಿನ ಮೈಗೆ ಅಂಟಿಕೊಂಡು ಇಳಿದು, ಹಿಡಿದಿರುವ ಕಬ್ಬಿಣದ ಪಟ್ಟಿ ಹತ್ತಿರ ಬಂದು ಬೀಳುತ್ತದೆ. ನಿಮ್ಮ ಗ್ಯಾರೇಜಿನವರು ನೋಡಿದ್ದೂ ಅದನ್ನೇ ಇರಬೇಕು. ಸೋಪಿನ ನೀರಲ್ಲಿ ಟ್ಯಾಂಕ್, ಪೈಪ್ ಎಲ್ಲ ತೊಳೆದು ಚೆನ್ನಾಗಿ ಒಣಗಿಸಿ. ಮುಖಕ್ಕೆ ಹಾಕುವ ಪೌಡರ್ ಇದೆಯಲ್ಲ, ಅದನ್ನು ಉದುರಿಸಿ. ಫುಲ್ ಮಾಡಿಸಿ ಒಂದು ರೌಂಡ್ ಹೊಡೆದು ಬಂದು ಟಾರ್ಚ್ ಬಿಟ್ಟು ನೋಡಿ. ಪೌಡರ್ ಮೇಲೆ ಒದ್ದೆ ಗೆರೆ ಎದ್ದು ಕಾಣುತ್ತದೆ. ಗೆರೆಯ ಮೇಲಿನ ತುದಿ ಎಲ್ಲಿದೆಯೋ ಅಲ್ಲೇ ಸೋರಿಕೆ.

ಇನ್ನೊಂದು ಮಾತು. ಕತ್ತಿನ ತನಕ ತುಂಬಿಸಿ ಬಿಸಿಲಲ್ಲಿ ನಿಲ್ಲಿಸಬೇಡಿ. 50 ಲೀಟರ್ ಡೀಸೆಲ್ 15 ಡಿಗ್ರಿ ಬಿಸಿಯಾದರೆ ಅರ್ಧ ಲೀಟರಿಗಿಂತ ಜಾಸ್ತಿ ಹಿಗ್ಗುತ್ತದೆ. ಅದಕ್ಕೆ ಎಲ್ಲಾದರೂ ದಾರಿ ಬೇಕಲ್ಲ!

ಇನ್ನೊಬ್ಬರು: ಸಾರ್, ನಮ್ಮ ಗಾಡಿಯಲ್ಲಿ ಇಂಜಿನ್ ಓಡುವಾಗ ಮಾತ್ರ ತೊಟ್ಟಿಕ್ಕುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ.

ಮೆಕ್ಯಾನಿಕ್: ನಿಮ್ಮ ಕಥೆ ಬೇರೆ. ಓಡುವಾಗ ಮಾತ್ರ ಸೋರಿದರೆ ಇಂಜಿನ್‌ನಿಂದ ಟ್ಯಾಂಕಿಗೆ ವಾಪಸ್ ಬರುವ ರಿಟರ್ನ್ ಪೈಪ್ ನೋಡಿ. ಸ್ಟಾರ್ಟಿಂಗ್ ತೊಂದರೆಗೆ, ಟ್ಯಾಂಕಿನಿಂದ ಇಂಜಿನ್‌ಗೆ ಡೀಸೆಲ್ ಎಳೆಯುವ ಪೈಪಿನೊಳಗೆ ಗಾಳಿ ಹೋಗುತ್ತಿರಬಹುದು. ಅದು ಹೊರಗೆ ಒದ್ದೆಯೇ ಆಗದಿರಬಹುದು. ಫಿಲ್ಟರ್ ಹತ್ತಿರ ಸ್ವಲ್ಪ ದೂರ ಪಾರದರ್ಶಕ ಪೈಪ್ ಹಾಕಿ, ಗುಳ್ಳೆ ಬರುತ್ತಾ ನೋಡಿ.

ಮತ್ತೊಬ್ಬರು: ತೂತಿದ್ದರೆ ಡೀಸೆಲ್ ಖಾಲಿ ಮಾಡಿ ವೆಲ್ಡಿಂಗ್ ಹೊಡೆಸಿದರೆ ಮುಗಿಯಿತಲ್ಲ?

ಮೆಕ್ಯಾನಿಕ್: ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಖಾಲಿ ಟ್ಯಾಂಕಿನಲ್ಲಿ ಆವಿ ಮತ್ತು ಗಾಳಿ ಸೇರಿರುತ್ತವೆ. ಬೆಂಕಿ ತಾಗಿದರೆ ಸಿಡಿಯುತ್ತದೆ. ಡೀಸೆಲ್ ಅಷ್ಟು ಬೇಗ ಹತ್ತಿಕೊಳ್ಳಲ್ಲ ಅನ್ನುವ ಧೈರ್ಯ ಇಲ್ಲಿ ಬೇಡ, ವೆಲ್ಡಿಂಗ್ ಬಿಸಿಗೆ ಒಳಗೆ ಅಂಟಿರುವುದೂ ಆವಿಯಾಗುತ್ತದೆ. ಎಂ-ಸೀಲ್ ಹಚ್ಚಿ ಮನೆ ಸೇರಬಹುದು, ಅಷ್ಟೇ. ಪಟ್ಟಿ ಕೆಳಗೆ ತುಕ್ಕು ತಿಂದಿದ್ದರೆ ಟ್ಯಾಂಕ್ ಬದಲಾಯಿಸುವುದೇ ಸರಿ.

ಪ್ರಶ್ನೆ ಕೇಳಿದವರು: ಅಣ್ಣಾ, ಪೌಡರ್ ಹಾಕಿ ನೋಡಿದೆ. ದಪ್ಪ ಪೈಪಿನ ಕ್ಲ್ಯಾಂಪ್ ಅಡಿಯಲ್ಲೇ ಸೀಳಿದೆ. ಮನೆಯಲ್ಲಿ ಮೋಟಾರಿನ ನೀರಿನ ಪೈಪ್ ಇದೆ, ಅಳತೆ ಕೂರುತ್ತದೆ. ಹಾಕಲಾ?

ಮೆಕ್ಯಾನಿಕ್: ಬೇಡ. ಡೀಸೆಲ್ ಬಿದ್ದರೆ ಅದು ಉಬ್ಬಿ ಮೆತ್ತಗಾಗುತ್ತದೆ. ಹಳೆ ತುಂಡನ್ನು ಸ್ಪೇರ್ ಅಂಗಡಿಗೆ ಒಯ್ದು, ಡೀಸೆಲ್‌ಗೇ ಮಾಡಿದ ಪೈಪ್ ಕೇಳಿ. ಎರಡು ಹೊಸ ಕ್ಲ್ಯಾಂಪ್ ಸಹ ತನ್ನಿ.