ಅಪ್‌ಡೇಟ್: ಪಿಕಪ್‌ಗೆ ದೊಡ್ಡ ಟೈರ್ ಹಾಕಿದ ಮೇಲೆ ಮೈಲೇಜ್ ನಿಜವಾಗಿ ಎಷ್ಟು ಇಳಿಯಿತು

ಎರಡು ತಿಂಗಳ ಹಿಂದೆ ಕೇಳಿದ್ದೆ: ಡೀಸೆಲ್ ಪಿಕಪ್‌ಗೆ 255/60 ಆರ್18 ಸೈಜಿನ ಟೈರ್ ಬದಲು ಅದಕ್ಕಿಂತ ದೊಡ್ಡ 265/65 ಆರ್18 ಹಾಕಿಸಿದೆ, ಲೀಟರಿಗೆ 11.8 ಕಿ.ಮೀ. ಇದ್ದ ಮೈಲೇಜ್ 10.5ಕ್ಕೆ ಇಳಿಯಿತು, ಇಷ್ಟೊಂದು ಇಳಿಯುತ್ತಾ ಅಂತ. ಓಡೋಮೀಟರ್ (ಓಡಿದ ಕಿ.ಮೀ. ತೋರಿಸುವ ಮೀಟರ್) ಮೊದಲು ಚೆಕ್ ಮಾಡಿ ಎಂದವರಿಗೆ ತುಂಬಾ ಥ್ಯಾಂಕ್ಸ್. ಅಲ್ಲೇ ಇತ್ತು ಅರ್ಧ ಉತ್ತರ.

ಹಳೆ ಟೈರಿನ ಎತ್ತರ 763 ಮಿ.ಮೀ., ಹೊಸದು 802. ಅಂದರೆ ಚಕ್ರ ಒಂದು ಸುತ್ತಿಗೆ 5% ಜಾಸ್ತಿ ದೂರ ಹೋಗುತ್ತದೆ, ಆದರೆ ಮೀಟರ್‌ಗೆ ಅದು ಗೊತ್ತಾಗುವುದಿಲ್ಲ. ಫೋನಿನ ಜಿಪಿಎಸ್‌ನಲ್ಲಿ 100 ಕಿ.ಮೀ. ಆದಾಗ ಗಾಡಿಯಲ್ಲಿ 95 ತೋರಿಸಿತು. ಆಮೇಲೆ ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಲೆಕ್ಕ ಹಾಕಿದೆ. 40 ಲೀಟರಿಗೆ ಮೀಟರ್‌ನಲ್ಲಿ 420, ನಿಜಕ್ಕೆ 441 ಕಿ.ಮೀ. ಲೀಟರಿಗೆ 11!

ಉಳಿದ 0.8 ನಿಜವಾದ ನಷ್ಟವೇ. ಟೈರ್ ಭಾರ, ಅದರ ಮೇಲಿನ ರಬ್ಬರ್ ಉಬ್ಬುಗಳು ದಪ್ಪ, ಉರುಳಲು ಜಾಸ್ತಿ ಶಕ್ತಿ ಬೇಕು. ಹೈವೇಯಲ್ಲಿ ಅಷ್ಟು ಗೊತ್ತಾಗಲ್ಲ. ಶಿರಾಡಿ ಘಾಟಿಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಲೋಡ್ ಇದ್ದರೆ ಮೊದಲು ಮೂರನೇ ಗೇರ್‌ನಲ್ಲಿ ಹತ್ತುತ್ತಿದ್ದ ತಿರುವಿಗೆ ಈಗ ಎರಡನೇ ಗೇರ್ ಬೇಕು. ಅಲ್ಲೇ ಡೀಸೆಲ್ ಕುಡಿಯುವುದು.

ಒಂದು ಮಾತು ಮರೆಯಬೇಡಿ. ಸ್ಪೀಡೋಮೀಟರ್ ಕೂಡ ಈಗ ಹಳೆ ಟೈರಿಗಿಂತ 5% ಕಡಿಮೆ ತೋರಿಸುತ್ತದೆ. ಸರ್ವಿಸ್ ಕಿಲೋಮೀಟರ್ ಲೆಕ್ಕವೂ ಹಾಗೆಯೇ, ಮೀಟರ್‌ನಲ್ಲಿ 10,000 ಅಂದರೆ ನಿಜಕ್ಕೆ 10,500.

ಟೈರ್ ವಾಪಸ್ ಬದಲಾಯಿಸುವುದಿಲ್ಲ. ಮಳೆಗಾಲದಲ್ಲಿ ತೋಟದ ಕೆಸರಿನ ದಾರಿಯಲ್ಲಿ ಒಮ್ಮೆಯೂ ಸಿಕ್ಕಿಕೊಂಡಿಲ್ಲ, ನನಗೆ ಅದು ಮುಖ್ಯ.