ರೇಸ್ ಟ್ರ್ಯಾಕ್‌ಗೆ ನಮ್ಮ ಬಿಯರ್ ನಾವೇ ಒಯ್ಯಬಹುದಾ? ವಕೀಲರಿಗೊಂದು ಪ್ರಶ್ನೆ

ಪ್ರಶ್ನೆ:
ಮೇಡಂ, ನಮಸ್ಕಾರ. ನಾವಿರೋದು ಓಹಾಯೋದ ಕೊಲಂಬಸ್ ಪಕ್ಕದ ಡಬ್ಲಿನ್‌ನಲ್ಲಿ. ಈ ಬೇಸಿಗೆಗೆ ನಾಲ್ಕೈದು ಮನೆಯವರು ಸೇರಿ ಕಾರ್ ರೇಸ್ ನೋಡೋಕೆ ಹೊರಟಿದ್ದೇವೆ. ಒಂದು ಶನಿವಾರ ಹತ್ತಿರದ ಮಣ್ಣಿನ ಟ್ರ್ಯಾಕ್, ಜುಲೈನಲ್ಲಿ ಲೆಕ್ಸಿಂಗ್ಟನ್‌ನ ಮಿಡ್-ಓಹಾಯೋ ಟ್ರ್ಯಾಕ್‌ಗೆ ಇಂಡಿಕಾರ್ ರೇಸ್ ನೋಡೋಕೆ. ಹಿಂದೆ ಇಂಡಿಯಾನಾಪೊಲಿಸ್‌ಗೆ ರೇಸ್ ನೋಡೋಕೆ ಹೋದಾಗ ಕೂಲರ್ ತುಂಬ ಬಿಯರ್ ಒಯ್ದಿದ್ದೆವು, ಗೇಟಲ್ಲಿ ಯಾರೂ ತಕರಾರು ತೆಗೆಯಲಿಲ್ಲ. ಇಲ್ಲೂ ಹಾಗೇ ಮಾಡಬಹುದಲ್ವಾ? ಒಳಗೆ ಕೊಂಡುಕೊಳ್ಳೋಕೆ ಹೋದರೆ ಜೇಬು ಖಾಲಿ.

ಉತ್ತರ:
ನಮಸ್ಕಾರ. ರೆಸ್ಟೋರೆಂಟ್‌ಗಳಿಗೆ ಲಿಕ್ಕರ್ ಪರ್ಮಿಟ್ ಮಾಡಿಸಿಕೊಡೋದೇ ನನ್ನ ದಿನನಿತ್ಯದ ಕೆಲಸ, ಹಾಗಾಗಿ ಸುತ್ತಿ ಬಳಸಿ ಹೇಳಲ್ಲ. ಮಿಡ್-ಓಹಾಯೋಗೆ ಒಯ್ಯಬಹುದು, ಟ್ರ್ಯಾಕ್‌ನವರ ಅನುಮತಿ ಇದ್ದರೆ. ಮಣ್ಣಿನ ಟ್ರ್ಯಾಕ್‌ಗೆ ಬೇಡ.

ಇಂಡಿಯಾನಾಪೊಲಿಸ್ ಇರೋದು ಬೇರೆ ರಾಜ್ಯದಲ್ಲಿ, ಅಲ್ಲಿನ ಕಾನೂನೂ ಬೇರೆ. ಆ ಟ್ರ್ಯಾಕ್‌ನವರೇ 18 ಇಂಚು ಉದ್ದ, 14 ಇಂಚು ಅಗಲ, 14 ಇಂಚು ಎತ್ತರದೊಳಗಿನ ಕೂಲರ್ ತರಬಹುದು, ಗಾಜು ಮಾತ್ರ ಬೇಡ ಅಂತ ಹೇಳಿದ್ದಾರೆ. ನಿಮ್ಮ ಅದೃಷ್ಟ ಚೆನ್ನಾಗಿತ್ತು ಅಂತಲ್ಲ, ಅಲ್ಲಿ ನಿಯಮವೇ ಹಾಗಿದೆ.

ಓಹಾಯೋದಲ್ಲಿ ನೋಡಬೇಕಾದದ್ದು 4301.62ನೇ ಕಲಂ. ಬಾಯಿ ತೆರೆದ ಮದ್ಯ ಎಲ್ಲೆಲ್ಲಿ ನಿಮ್ಮ ಕೈಯಲ್ಲಿ ಇರಬಾರದು ಅನ್ನೋದು ಅದರಲ್ಲಿದೆ. ಲಿಕ್ಕರ್ ಪರ್ಮಿಟ್ ಇರುವ ಜಾಗದಲ್ಲಿ ಅಲ್ಲೇ ಕೊಂಡದ್ದನ್ನು ಕುಡಿಯಬಹುದು, ಹೊರಗಿನಿಂದ ತಂದದ್ದನ್ನು ತೆರೆಯುವಂತಿಲ್ಲ. ಪರ್ಮಿಟ್ ಇಲ್ಲದ ಜಾಗವಾದರೆ ಅದು ಸಾರ್ವಜನಿಕ ಸ್ಥಳ, ಅಲ್ಲೂ ತೆರೆಯುವಂತಿಲ್ಲ. ಹಾಗಾಗಿ ಮಣ್ಣಿನ ಟ್ರ್ಯಾಕ್‌ನವರು ಬಿಯರ್ ಮಾರಲಿ, ಮಾರದೇ ಇರಲಿ, ನಿಮಗೆ ಉಪಯೋಗವಿಲ್ಲ. ಕೂಲರಿನ ಐಸ್ ಅಡಿಯಲ್ಲಿ ಮುಚ್ಚಿದ ಕ್ಯಾನ್ ಇದ್ದರೆ ಈ ಕಲಂ ತಂಟೆಗೆ ಬರಲ್ಲ. ಕೊಂಡಿ ಎತ್ತಿ 'ಟಪ್' ಅಂದಾಗ ಬರುತ್ತದೆ.

ಇದಕ್ಕೊಂದು ವಿನಾಯಿತಿ ಇದೆ. ಮೊದಲ ಸಲ ಓದಿದಾಗ ನನಗೆ ನಗು ಬಂದಿತ್ತು. 'ಹೊರಾಂಗಣ ಮೋಟಾರ್ ಸ್ಪೋರ್ಟ್ಸ್ ತಾಣ'ದಲ್ಲಿ ರೇಸ್ ನೋಡಲು ಬಂದವರು, ಮಾಲೀಕರು ಒಪ್ಪಿದರೆ, ತಾವೇ ತಂದದ್ದನ್ನು ಕುಡಿಯಬಹುದಂತೆ. ಆದರೆ ಯಾವುದು ಅಂಥ ತಾಣ? ಟ್ರ್ಯಾಕ್ 2.4 ಮೈಲಿಗಿಂತ ಗಿಡ್ಡ ಇರಬಾರದು. ಜಮೀನು 200 ಎಕರೆಗೆ ಕಡಿಮೆ ಇರಬಾರದು. ರೇಸ್ ನಡೆಸುವುದೇ ಮುಖ್ಯ ಕಸುಬಾಗಿರಬೇಕು. ಒಳಗೆ ಡಿ-1, ಡಿ-2 ಅಥವಾ ಡಿ-3, ಅಂದರೆ ಮದ್ಯ ಮಾರುವ ಪರ್ಮಿಟ್ ಪಡೆದವರು ಇರಬೇಕು. ಈಗ ಹೇಳಿ, ಮಿಡ್-ಓಹಾಯೋದ ಪೂರ್ತಿ ಸುತ್ತು ಎಷ್ಟು ಉದ್ದ? ಸರಿಯಾಗಿ 2.4 ಮೈಲಿ! ದರ್ಜಿ ಮೈಗೆ ಟೇಪ್ ಹಿಡಿದು ಹೊಲಿದ ಅಂಗಿ ಹಾಗಿದೆ.

ಮಣ್ಣಿನ ಟ್ರ್ಯಾಕ್‌ಗಳು ಈ ಅಳತೆಯ ಹತ್ತಿರಕ್ಕೂ ಬರಲ್ಲ. 1954ರಿಂದ ಇರುವ, ದೇಶಕ್ಕೆಲ್ಲ ಹೆಸರಾದ ಎಲ್ಡೊರಾನೇ ಅರ್ಧ ಮೈಲಿ.

ಮರುಪ್ರಶ್ನೆ (ಇನ್ನೊಬ್ಬ ಸದಸ್ಯರು):
ಆದ್ರೆ ಮೇಡಂ, ನಾನು ಹೋಗಿದ್ದ ಒಂದು ಸಣ್ಣ ಟ್ರ್ಯಾಕ್‌ನಲ್ಲಿ ಜನ ರಾಜಾರೋಷವಾಗಿ ಕೂಲರ್ ಬಿಚ್ಚಿ ಕುಡೀತಿದ್ರು. ಗೇಟಲ್ಲೂ ಬಿಟ್ರು.

ಉತ್ತರ:
ನಾನೂ ನೋಡಿದ್ದೀನಿ. ಗೇಟಿನವನು ಬಿಟ್ಟ ಅಂದರೆ ಟ್ರ್ಯಾಕ್‌ನವರ ತಕರಾರಿಲ್ಲ ಅಂತ ಮಾತ್ರ. ರಾಜ್ಯದ ಕಾನೂನನ್ನು ಮನ್ನಾ ಮಾಡೋಕೆ ಅವನಿಗೆ ಅಧಿಕಾರವಿಲ್ಲ. ಸಿಕ್ಕಿಬಿದ್ದರೆ ಸಣ್ಣ ತಪ್ಪೇ, ದಂಡ 150 ಡಾಲರ್‌ವರೆಗೆ. ಆದರೆ ಚೀಟಿ ಬರೋದು ನಿಮ್ಮ ಹೆಸರಿಗೆ, ಮುಂದೆ ಅರ್ಜಿಗಳಲ್ಲಿ 'ಯಾವುದಾದರೂ ಪ್ರಕರಣ ಇದೆಯೇ' ಅಂತ ಕೇಳಿದಾಗ ಕೂತು ಯೋಚಿಸಬೇಕಾದವರೂ ನೀವೇ. ಒಂದು ಕ್ಯಾನ್ ಬಿಯರ್‌ಗೆ ಇಷ್ಟು ತಲೆನೋವು ಯಾಕೆ?

ಮರುಪ್ರಶ್ನೆ:
ಮಿಡ್-ಓಹಾಯೋದಲ್ಲೇ ನನ್ನ ಫ್ರೆಂಡ್ ಟ್ರ್ಯಾಕ್ ಡೇಗೆ ತನ್ನ ಕಾರು ಓಡಿಸ್ತಾನೆ. ಅವತ್ತೂ ನಡೆಯುತ್ತಾ? ಮತ್ತೆ ಕೆಂಟಕಿ ಡರ್ಬಿಗೆ?

ಉತ್ತರ:
ಟ್ರ್ಯಾಕ್ ಡೇಗೆ ಇಲ್ಲ. ವಿನಾಯಿತಿ ಇರೋದು ರೇಸಿಂಗ್ ಸಂಸ್ಥೆಯೊಂದರ ಮಾನ್ಯತೆ ಪಡೆದ ರೇಸ್ ನೋಡಲು ಬಂದವರಿಗೆ. ಇಂಡಿಕಾರ್ ವಾರಾಂತ್ಯ ಅದರಲ್ಲಿ ಬರುತ್ತೆ, ಸ್ನೇಹಿತರು ದುಡ್ಡು ಕಟ್ಟಿ ಕಾರು ಓಡಿಸೋದು ಬರಲ್ಲ.

ಕುದುರೆ ರೇಸಿನ ಕಥೆ ಬೇರೆ. ಡರ್ಬಿ ನಡೆಯೋ ಚರ್ಚಿಲ್ ಡೌನ್ಸ್‌ಗೆ ಹೊರಗಿನ ಮದ್ಯವೂ ಇಲ್ಲ, ಕೂಲರೂ ಇಲ್ಲ. ಬಾಲ್ಟಿಮೋರ್‌ನ ಪ್ರೀಕ್‌ನೆಸ್ ರೇಸಿನಲ್ಲಿ ಮೈದಾನದ ಮಧ್ಯದ ಜನ ಒಂದು ಕಾಲಕ್ಕೆ ತಮ್ಮದೇ ಬಿಯರ್ ಒಯ್ಯುತ್ತಿದ್ದರು. ತಾತ್ಕಾಲಿಕ ಶೌಚಾಲಯಗಳ ಸಾಲಿನ ಮೇಲೆ ಹತ್ತಿ ಓಡೋದು, ಓಡೋರ ಮೇಲೆ ಉಳಿದವರು ತುಂಬಿದ ಕ್ಯಾನ್ ಎಸೆಯೋದು ಶುರುವಾಯ್ತು. 2009ರಲ್ಲಿ ಅದಕ್ಕೆ ತೆರೆ ಬಿತ್ತು.

ಮರುಪ್ರಶ್ನೆ (ಮೊದಲು ಕೇಳಿದವರು):
ಸರಿ ಮೇಡಂ, ಮಿಡ್-ಓಹಾಯೋಗೆ ಮಾತ್ರ ಒಯ್ತೀವಿ. ಪ್ಯಾಕ್ ಮಾಡುವಾಗ ಏನೇನು ನೋಡ್ಕೋಬೇಕು?

ಉತ್ತರ:
ಹೊರಡೋ ವಾರ ಟ್ರ್ಯಾಕ್‌ನವರ ನಿಯಮ ಇನ್ನೊಮ್ಮೆ ಓದಿ, ಮಾಲೀಕರ ಅನುಮತಿ ಅಂದೆನಲ್ಲ, ಅದು ಇರೋದು ಅಲ್ಲೇ. ಬಾಟಲಿ ಬಿಟ್ಟು ಕ್ಯಾನ್ ತಗೊಳ್ಳಿ. ಗಾಜು ಬೇಡ ಅನ್ನೋ ಟ್ರ್ಯಾಕ್‌ಗಳಲ್ಲಿ ಬರೀ ಮದ್ಯದ ಬಾಟಲಿ ಅಲ್ಲ, ಯಾವ ಗಾಜೂ ಬೇಡ. ಒಂದು ಟ್ರ್ಯಾಕ್‌ನ ಗೇಟಲ್ಲಿ ಕಾವಲಿನವನು ನಮ್ಮ ಬುತ್ತಿ ಚೀಲಕ್ಕೆ ಕೈ ಹಾಕಿ, ಪುಳಿಯೋಗರೆ ಡಬ್ಬಿ ಸರಿಸಿ, ಅಮ್ಮ ಕಳಿಸಿದ್ದ ಮಿಡಿ ಉಪ್ಪಿನಕಾಯಿ ಬಾಟಲಿಯನ್ನು ಉಗುರಿನಿಂದ ಟಿಣ್ ಟಿಣ್ ಅಂತ ಬಾರಿಸಿ ಬೇಡ ಅಂತ ತಲೆಯಾಡಿಸಿದ. ಅರ್ಧ ಮೈಲಿ ನಡೆದು ಕಾರಲ್ಲಿಟ್ಟು ಬಂದೆ. ಬಿಸಿಲಿಗೆ ಎಣ್ಣೆ ಉಕ್ಕಿ ಸೀಟೆಲ್ಲ ಹಾಳು.

21 ತುಂಬದ ಮಕ್ಕಳ ಕೈಗೆ 'ಸ್ವಲ್ಪ ಹಿಡ್ಕೋ' ಅಂತಲೂ ಕ್ಯಾನ್ ಕೊಡಬೇಡಿ.

ಮುಖ್ಯವಾದದ್ದು ವಾಪಸ್ ಬರುವಾಗ. ಅರ್ಧ ಕುಡಿದ ಕ್ಯಾನ್ ಕಾರಿನೊಳಗೆ ಬರಲೇಬಾರದು. ಪಕ್ಕದ ಸೀಟಿನವರ ಕೈಯಲ್ಲಿದ್ದರೂ ತಪ್ಪೇ. ಓಡಿಸುವವರ ರಕ್ತದಲ್ಲಿ ಮದ್ಯ 0.08 ಮುಟ್ಟಿದರೆ ಕೇಸು, ಕಾರು ವಾಲಾಡುತ್ತಿದ್ದರೆ ಅದಕ್ಕಿಂತ ಕಡಿಮೆ ಇದ್ದರೂ ಹಿಡಿಯಬಹುದು. ಎಚ್-1ಬಿ ಕೆಲಸದ ವೀಸಾ ಮೇಲಿರುವವರು ಇದನ್ನು ಎರಡು ಸಲ ಓದಿ: ಕುಡಿದು ಓಡಿಸಿದ್ದಕ್ಕೆ ಬರೀ ಬಂಧನವಾದರೂ ಸ್ಟೇಟ್ ಡಿಪಾರ್ಟ್‌ಮೆಂಟ್ ನಿಮ್ಮ ವೀಸಾ ರದ್ದು ಮಾಡಬಹುದು, ಶಿಕ್ಷೆ ಆಗುವವರೆಗೆ ಕಾಯಬೇಕಿಲ್ಲ. ಇಲ್ಲಿನ ಕೆಲಸ ಅವತ್ತೇ ಹೋಗಲ್ಲ, ಆದರೆ ಊರಿಗೆ ಹೋದರೆ ಹೊಸ ವೀಸಾ ಸಿಗೋವರೆಗೆ ಅಲ್ಲೇ. ಆ ವೀಸಾಗೆ ಮೊದಲು ಡಾಕ್ಟರ್ ತಪಾಸಣೆಯನ್ನೂ ಕೇಳ್ತಾರೆ.

ಪ್ರಶ್ನೆ ಕೇಳಿದವರು:
ಧನ್ಯವಾದ ಮೇಡಂ. ಮಣ್ಣಿನ ಟ್ರ್ಯಾಕ್‌ಗೆ ಪಾನಕ, ಮಜ್ಜಿಗೆ. ಮಿಡ್-ಓಹಾಯೋಗೆ ಬಿಯರ್, ವಾಪಸ್ ಬರುವಾಗ ನಮ್ಮನೆಯವಳು ಓಡಿಸ್ತಾಳೆ.

ಉತ್ತರ:
ಅವರನ್ನು ಕೇಳಿದ್ದೀರಾ?